ಬಂದವರು ನಿಂತ ದಂಡೆ

ತಲಪಾಡಿಯಿಂದ ಮಾಜಾಳಿಯವರೆಗೆ ಹೆದ್ದಾರಿ 66 ಹಿಡಿದು ಹೊರಟರೆ ಅಳಿವೆಗೊಂದು ಕಥೆ ಎದುರಾಗುತ್ತದೆ. ಮುಂದೆ ಸಾಗದ ದೋಣಿ, ಬಿರುಗಾಳಿಗೆ ಸಿಕ್ಕ ಹಡಗು, ಹತ್ತು ತಲೆಯವನಿಗೂ ಮಣಿಯದ ಲಿಂಗ! ಎಲ್ಲಿಂದಲೋ ಬಂದು ಇಲ್ಲೇ ಬೇರುಬಿಟ್ಟವರ ನೆನಪನ್ನು ಕರಾವಳಿ ತನ್ನ ಐತಿಹ್ಯಗಳಲ್ಲಿ ಕಾಪಿಟ್ಟಿದೆ.

ಕೊಯಿಲು ಮುಗಿದ ಗದ್ದೆಯ ನಡುವೆ ರಂಗಸ್ಥಳ. ಚೆಂಡೆಯ ಪೆಟ್ಟಿಗೆ ಕಾಲಡಿಯ ಮಣ್ಣು ಅದುರುತ್ತಿದೆ. ರಾವಣ ಅಂಗೈಯಲ್ಲಿ ಆತ್ಮಲಿಂಗ ಹಿಡಿದು ಪಡುವಣಕ್ಕೆ ನೋಡುತ್ತಾನೆ. ಹೊತ್ತು ಮುಳುಗುತ್ತಿದೆ, ಸಂಧ್ಯಾವಂದನೆಗೆ ತಡವಾಗುತ್ತಿದೆ. ಲಿಂಗವನ್ನು ನೆಲಕ್ಕೆ ಇಡುವಂತಿಲ್ಲ. ಎದುರಿಗೆ ದನ ಕಾಯುವ ಪುಟ್ಟ ವಟು.

“ಮೂರು ಸಲ ಕರೆಯುತ್ತೇನೆ. ಬಾರದಿದ್ದರೆ ಕೆಳಗಿಟ್ಟುಬಿಡುತ್ತೇನೆ” ಎನ್ನುತ್ತಾನೆ ಹುಡುಗ.

ಚಾಪೆಯ ಮೇಲೆ ಅರೆನಿದ್ದೆಯಲ್ಲಿದ್ದ ಮಕ್ಕಳು ಎದ್ದು ಕೂರುತ್ತಾರೆ. ಮುಂದೇನು ಎಂಬುದು ಅವರಿಗೂ ಗೊತ್ತು, ಹಿಂದೆ ಕುರ್ಚಿಯಲ್ಲಿ ಕುಳಿತ ಅಜ್ಜಿಗೂ ಗೊತ್ತು. ಆದರೂ ವಟು ಒಂದೇ ಉಸಿರಿಗೆ ಮೂರು ಸಲ ಕೂಗಿ ಲಿಂಗವನ್ನು ಇಳಿಸಿದಾಗ ಸಭೆಗೆ ಸಭೆಯೇ ಹೋ ಎನ್ನುತ್ತದೆ.

ದೀಪಾವಳಿ ಕಳೆದ ಮೇಲೆ ಕರಾವಳಿಯಲ್ಲಿ ಯಕ್ಷಗಾನ ಮೇಳಗಳ ತಿರುಗಾಟ ಶುರು. ರಾತ್ರಿ ಒಂದೂರಿನಲ್ಲಿ ಆಟ, ಬೆಳಗಾದರೆ ಮುಂದಿನ ಊರಿಗೆ ಪಯಣ. ಮೇ ತಿಂಗಳ ಪತ್ತನಾಜೆಯವರೆಗೂ ಇದೇ ಓಡಾಟ. ಕೋಲ, ನೇಮ, ಜಾತ್ರೆಗಳೂ ಈ ಅವಧಿಯವೇ. ಮಳೆ ಹಿಂದೆ ಸರಿದು ಹೊಳೆಗಳು ತಿಳಿಯಾಗಿರುವ ಈ ದಿನಗಳಲ್ಲಿ ದಕ್ಷಿಣದ ತಲಪಾಡಿಯಿಂದ ಗೋವಾ ಗಡಿಯ ಮಾಜಾಳಿವರೆಗಿನ ಸುಮಾರು 280 ಕಿ.ಮೀ. ದಾರಿ ಕಣ್ಣಿಗೂ ಹಬ್ಬ, ಕಿವಿಗೂ ಹಬ್ಬ.

ಈ ದಾರಿಯ ಕಥೆಗಳನ್ನು ಒಂದಾದ ಮೇಲೊಂದು ಕೇಳುತ್ತ ಹೋದರೆ ಅವುಗಳಲ್ಲಿ ಒಂದೇ ಎಳೆ ಸಿಗುತ್ತದೆ. ಯಾರೋ ಹೊರಗಿನಿಂದ ಬರುತ್ತಾರೆ, ಬಹಳ ಸಲ ಕಡಲ ಮೇಲೆ. ಏನೋ ಅಡ್ಡಿಯಾಗುತ್ತದೆ. ಆಮೇಲೆ ಅವರು ಹೋಗುವುದೇ ಇಲ್ಲ. ಊರು ಅವರನ್ನು ತನ್ನವರನ್ನಾಗಿ ಮಾಡಿಕೊಳ್ಳುತ್ತದೆ.

ಅಲೆಯ ಮೇಲೆ ಚಾದರ

ತಲಪಾಡಿ ದಾಟಿ ಕೊಂಚ ದೂರಕ್ಕೆ ಎಡಕ್ಕೆ ತಿರುಗಿದರೆ ಉಳ್ಳಾಲ. ಇಲ್ಲಿನ ದರ್ಗಾದಲ್ಲಿ ಮಲಗಿರುವ ಸಯ್ಯದ್ ಮುಹಮ್ಮದ್ ಶರೀಫುಲ್ ಮದನಿ ಮದೀನಾದಿಂದ ಬಂದವರು. ಅವರು ಹಡಗು ಹತ್ತಲಿಲ್ಲ, ನೀರಿನ ಮೇಲೆ ಚಾದರ ಹಾಸಿ ಅದರಲ್ಲಿ ತೇಲಿ ಬಂದರು ಎಂಬುದು ಜನರ ನಂಬಿಕೆ. ಐದು ವರ್ಷಕ್ಕೊಮ್ಮೆ ನಡೆಯುವ ಉರೂಸ್‌ಗೆ ಬರುವವರಲ್ಲಿ ಎಲ್ಲ ಜಾತಿ ಮತದವರೂ ಇದ್ದಾರೆ.

ಅದೇ ದಂಡೆಯಲ್ಲಿ ಸ್ವಲ್ಪ ದಕ್ಷಿಣಕ್ಕೆ ಬಂಡೆಯ ಮೇಲೆ ಸೋಮೇಶ್ವರ ದೇವಸ್ಥಾನ. ಕೆಳಗೆ ಕಲ್ಲಿಗೆ ಬಡಿಯುವ ಅಲೆ. ಪಿತೃಕಾರ್ಯಕ್ಕೆ ಬಂದವರು ಸಮುದ್ರಸ್ನಾನ ಮಾಡುವ ಜಾಗ ಇದು.

ನೇತ್ರಾವತಿ ಸೇತುವೆ ದಾಟಿದರೆ ಮಂಗಳೂರು. ಬೋಳಾರದ ಮಂಗಳಾದೇವಿಯ ಕಥೆಯೂ ಪಯಣದ ಕಥೆಯೇ. ಕೇರಳದ ರಾಜಕುಮಾರಿಯೊಬ್ಬಳು ರಾಜ್ಯ ತೊರೆದು ನಾಥಪಂಥದ ಮತ್ಸ್ಯೇಂದ್ರನಾಥರ ಹಿಂದೆ ಹೊರಟಳು. ದಾರಿಯಲ್ಲಿ ದೇಹಸ್ಥಿತಿ ಕೆಟ್ಟು ಬೋಳಾರದಲ್ಲೇ ಉಳಿದಳು, ಅಲ್ಲೇ ತೀರಿಕೊಂಡಳು. ಅವಳಿಗಾಗಿ ಎದ್ದ ಗುಡಿಯೇ ಇಂದಿನ ದೇವಸ್ಥಾನ ಎನ್ನುತ್ತದೆ ಐತಿಹ್ಯ. ಪರದೇಶದಿಂದ ಬಂದ ಹೆಣ್ಣುಮಗಳು ಇಡೀ ನಗರಕ್ಕೆ ತಾಯಿಯಾದಳು.

ಕದ್ರಿ ಗುಡ್ಡದಲ್ಲಿ ಇದೇ ನಾಥರ ಜೋಗಿ ಮಠವಿದೆ. ಹನ್ನೆರಡು ವರ್ಷಕ್ಕೊಮ್ಮೆ ನಾಥ ಯೋಗಿಗಳು ನಾಸಿಕದ ಬಳಿಯ ತ್ರ್ಯಂಬಕೇಶ್ವರದಿಂದ ಕಾಲ್ನಡಿಗೆಯಲ್ಲಿ ಹೊರಟು ಕದ್ರಿಗೆ ಬಂದು ಮಠಕ್ಕೆ ಹೊಸ ‘ರಾಜ’ನನ್ನು ಕೂರಿಸುತ್ತಾರೆ. ಪಕ್ಕದ ಮಂಜುನಾಥ ದೇವಸ್ಥಾನದಲ್ಲಿ ಲೋಕೇಶ್ವರನ ಕಂಚಿನ ವಿಗ್ರಹವಿದೆ. ಆಳುಪ ದೊರೆ ಕುಂದವರ್ಮ ಕ್ರಿ.ಶ. 968ರಲ್ಲಿ ಸ್ಥಾಪಿಸಿದ್ದು. ಬೌದ್ಧ ಹೆಸರಿನ ಮೂರ್ತಿ, ನಾಥ ಯೋಗಿಗಳ ನೆನಪು, ಶಿವನ ಪೂಜೆ ಮೂರೂ ಒಂದೇ ಅಂಗಳದಲ್ಲಿ ಸಾವಿರ ವರ್ಷ ಬಾಳಿವೆ.

> ದಂಡೆ ಕಾದ ರಾಣಿಯರು
>
> ಬಂದವರಿಗೆಲ್ಲ ಕರಾವಳಿ ತಲೆಬಾಗಲಿಲ್ಲ. ಫಿರಂಗಿ ಹಿಡಿದು ಕಪ್ಪ ಕೇಳಿದ ಪೋರ್ಚುಗೀಸರನ್ನು 16ನೇ ಶತಮಾನದಲ್ಲಿ ಉಳ್ಳಾಲದ ರಾಣಿ ಅಬ್ಬಕ್ಕ ಎದುರಿಸಿದಳು. ಕತ್ತಲಲ್ಲಿ ಶತ್ರು ಹಡಗುಗಳ ಮೇಲೆ ಅಗ್ನಿಬಾಣ ಬಿಟ್ಟಳೆಂದು ಜನ ಈಗಲೂ ಹೇಳುತ್ತಾರೆ.
>
> ಉತ್ತರದಲ್ಲಿ ಗೇರುಸೊಪ್ಪೆಯ ಚೆನ್ನಭೈರಾದೇವಿ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಆಳಿದಳು. ಅವಳ ಕೈಯಲ್ಲಿದ್ದ ವಹಿವಾಟು ಕಂಡು ಪೋರ್ಚುಗೀಸರು ಕೊಟ್ಟ ಬಿರುದು ‘ಕರಿಮೆಣಸಿನ ರಾಣಿ’. ಕುಮಟಾ ಸಮೀಪ ಹೆದ್ದಾರಿಗೆ ಹತ್ತಿರದಲ್ಲೇ ಇರುವ ಮಿರ್ಜಾನ್ ಕೋಟೆಯ ಪಾಚಿಗಟ್ಟಿದ ಗೋಡೆಗಳು ಅವಳ ಹೆಸರನ್ನೇ ಹೇಳುತ್ತವೆ.

ಶಾಂಭವಿಯಲ್ಲಿ ನಿಂತ ದೋಣಿ

ಮಂಗಳೂರಿನಿಂದ ಉತ್ತರಕ್ಕೆ ಸುರತ್ಕಲ್ ದಾಟಿದರೆ ಮೂಲ್ಕಿ. ಶಾಂಭವಿ ನದಿಯ ದಡದಲ್ಲೇ ಬಪ್ಪನಾಡು ದುರ್ಗಾಪರಮೇಶ್ವರಿ ದೇವಸ್ಥಾನ. ಈ ದೇವಸ್ಥಾನದ ಹೆಸರಿನಲ್ಲೇ ಒಬ್ಬ ಮುಸ್ಲಿಂ ವ್ಯಾಪಾರಿ ಇದ್ದಾನೆ.

ಬಪ್ಪ ಬ್ಯಾರಿ ಸರಕು ತುಂಬಿದ ದೋಣಿಯಲ್ಲಿ ಶಾಂಭವಿಗೆ ಬಂದಾಗ ದೋಣಿ ಇದ್ದಕ್ಕಿದ್ದಂತೆ ನಿಂತಿತು. ಎಷ್ಟು ಜಲ್ಲೆ ಹಾಕಿದರೂ ಕದಲಲಿಲ್ಲ. ಬಗ್ಗಿ ನೋಡಿದರೆ ನೀರು ಕೆಂಪು. ಅಡಿಯ ಕಲ್ಲಿಗೆ ದೋಣಿ ತಾಗಿ ಆ ಕಲ್ಲಿನಿಂದ ರಕ್ತ ಬರುತ್ತಿತ್ತು. ಆ ರಾತ್ರಿ ದೇವಿ ಕನಸಿನಲ್ಲಿ ಬಂದು ತನಗೊಂದು ಗುಡಿ ಕಟ್ಟಿಸು ಎಂದಳು. ಬಪ್ಪ ಬ್ಯಾರಿ ಮೂಲ್ಕಿಯ ಜೈನ ಅರಸ ಸಾವಂತನ ಬಳಿಗೆ ಹೋದ. ಇಬ್ಬರೂ ಸೇರಿ ಗುಡಿ ಎಬ್ಬಿಸಿದರು.

ದೇವಿ ಹಿಂದೂಗಳವಳು, ಕನಸು ಕಂಡವನು ಮುಸ್ಲಿಂ, ನೆಲ ಕೊಟ್ಟವನು ಜೈನ. ಮೂವರಲ್ಲಿ ಒಬ್ಬರನ್ನು ಬಿಟ್ಟರೂ ಈ ಕಥೆ ನಿಲ್ಲುವುದಿಲ್ಲ. ವರ್ಷಾವಧಿ ಜಾತ್ರೆಯಲ್ಲಿ ಬಪ್ಪ ಬ್ಯಾರಿಯ ಮನೆತನದವರಿಗೆ ದೇವಿಯ ಪ್ರಸಾದ ಕೊಡುವ ಕ್ರಮ ನಡೆದುಬಂದಿದೆ.

ಈಚಿನ ವರ್ಷಗಳಲ್ಲಿ ಕರಾವಳಿಯ ಜಾತ್ರೆಗಳಲ್ಲಿ ಯಾರು ಅಂಗಡಿ ಹಾಕಬೇಕು, ಯಾರು ಹಾಕಬಾರದು ಎಂಬ ಜಗಳ ಎದ್ದಿದೆ. ಶಾಂಭವಿಯ ದಡದಲ್ಲಿ ನಿಂತು ಆ ಮಾತು ನೆನೆದರೆ ಸಂಕಟವಾಗುತ್ತದೆ. ವ್ಯಾಪಾರಿಯೊಬ್ಬನ ದೋಣಿ ನಿಂತದ್ದಕ್ಕೇ ಈ ಜಾತ್ರೆ ಹುಟ್ಟಿತು ಎನ್ನುತ್ತದಲ್ಲ ಊರಿನ ಕಥೆ!

ದೋಣಿ ಏಕೆ ನಿಲ್ಲುತ್ತದೆ ಎಂದು ಕೇಳಿದರೆ ಅಳಿವೆಯ ಮರಳನ್ನು ತೋರಿಸಬೇಕು. ಘಟ್ಟದಿಂದ ಇಳಿಯುವ ಈ ನದಿಗಳು ಉದ್ದದಲ್ಲಿ ಚಿಕ್ಕವು, ರಭಸದಲ್ಲಿ ದೊಡ್ಡವು. ಮಳೆಗಾಲದಲ್ಲಿ ಹೊತ್ತು ತಂದ ಹೂಳನ್ನು ಕಡಲ ಬಾಯಿಯಲ್ಲಿ ಸುರಿಯುತ್ತವೆ. ಎದುರಿನಿಂದ ಅಲೆಗಳು ಮರಳನ್ನು ಒಳಕ್ಕೆ ತಳ್ಳುತ್ತವೆ. ಎರಡರ ತಿಕ್ಕಾಟದಲ್ಲಿ ದಿಬ್ಬ ಏಳುತ್ತದೆ. ನಿನ್ನೆ ಇದ್ದ ದಾರಿ ನಾಳೆ ಇರುವುದಿಲ್ಲ. ಭರತ ಏರುವವರೆಗೆ ದೋಣಿಯವರು ಕಾಯಲೇಬೇಕು.

ಗಾಳಿಯೂ ಕಾಯಿಸುತ್ತಿತ್ತು. ಹಾಯಿಹಡಗುಗಳ ಕಾಲದಲ್ಲಿ ಅರಬ್ಬೀ ವ್ಯಾಪಾರಿಗಳು ಒಂದು ಮಾರುತ ಹಿಡಿದು ಬಂದರೆ ಮರಳಲು ಗಾಳಿ ತಿರುಗಬೇಕಿತ್ತು. ಮಳೆಗಾಲದಲ್ಲಿ ಕಡಲು ಬಾಗಿಲು ಮುಚ್ಚುತ್ತಿತ್ತು. ತಿಂಗಳುಗಟ್ಟಲೆ ದಂಡೆಯಲ್ಲಿ ಉಳಿದವರಿಗೆ ಮನೆಯಾಯಿತು, ಮದುವೆಯಾಯಿತು, ಮಕ್ಕಳಾದರು. ಬ್ಯಾರಿಗಳು, ಭಟ್ಕಳದ ನವಾಯತರು ಹೀಗೆ ನೆಲೆನಿಂತ ಕುಟುಂಬಗಳ ವಂಶದವರು. ಅವರ ಮನೆಮಾತುಗಳಲ್ಲಿ ತುಳು, ಮಲಯಾಳ, ಕೊಂಕಣಿ, ಅರಬ್ಬೀ ನುಡಿಗಳು ಬೆರೆತಿವೆ. ‘ದೋಣಿ ನಿಂತಿತು’ ಎಂಬ ಎರಡು ಮಾತಿನ ಹಿಂದೆ ಇಷ್ಟು ದೊಡ್ಡ ಚರಿತ್ರೆಯಿದೆ.

ಗೋಪಿಚಂದನದ ಗಡ್ಡೆ

ಪಡುಬಿದ್ರಿ ಹಿಂದಾಗುತ್ತದೆ. 1901ರಿಂದ ಬೆಳಕು ಬೀರುತ್ತಿರುವ ಕಾಪು ದೀಪಸ್ತಂಭ ಎಡಕ್ಕೆ ಕಾಣಿಸಿ ಮರೆಯಾಗುತ್ತದೆ. ಉಡುಪಿಯಿಂದ ಪಡುವಣಕ್ಕೆ ತಿರುಗಿದರೆ ಮಲ್ಪೆ. ಬಂದರಿನ ತುಂಬ ಮೀನಿನ ವಾಸನೆ, ಮಂಜುಗಡ್ಡೆ ಪುಡಿ ಮಾಡುವ ಸದ್ದು, ಬುಟ್ಟಿ ಹೊತ್ತ ಹೆಂಗಸರ ಧಾವಂತ.

13ನೇ ಶತಮಾನದಲ್ಲಿ ಇದೇ ದಂಡೆಯಲ್ಲಿ ಮಧ್ವಾಚಾರ್ಯರು ಕುಳಿತಿದ್ದಾಗ ದ್ವಾರಕೆ ಕಡೆಯಿಂದ ಬಂದ ಹಡಗೊಂದು ಬಿರುಗಾಳಿಗೆ ಸಿಕ್ಕಿತು. ಆಚಾರ್ಯರು ತಮ್ಮ ಕಾವಿ ಬಟ್ಟೆಯನ್ನು ಬೀಸಿದರು, ಗಾಳಿ ಅಡಗಿತು. ದಡ ಸೇರಿದ ನಾವಿಕ ಬೇಕಾದ್ದು ಕೇಳಿ ಎಂದ. ಅವರು ಕೇಳಿದ್ದು ಹಡಗಿನ ತಳದಲ್ಲಿ ತೂಕಕ್ಕೆಂದು ಹಾಕಿದ್ದ ಗೋಪಿಚಂದನದ ಗಡ್ಡೆಗಳನ್ನು. ಒಡೆದರೆ ಒಳಗೆ ಬಲರಾಮ ಮತ್ತು ಕೃಷ್ಣ. ಬಲರಾಮ ಮಲ್ಪೆಯ ವಡಭಾಂಡೇಶ್ವರದಲ್ಲಿ ನೆಲೆಸಿದ, ಕೃಷ್ಣ ಉಡುಪಿಗೆ ಹೋದ.

ಸರಕು ಕಡಿಮೆಯಿದ್ದಾಗ ಹಡಗು ಮಗುಚದಿರಲೆಂದು ತಳಕ್ಕೆ ಕಲ್ಲು, ಮಣ್ಣು ತುಂಬುವುದು ಹಳೆಯ ನಾವಿಕರ ರೂಢಿ. ಬೆಲೆಯೇ ಇಲ್ಲದ ಆ ಭಾರದೊಳಗೆ ದೇವರಿದ್ದ ಎಂಬಲ್ಲಿ ಈ ಕಥೆಯ ಸೊಗಸಿದೆ. ಇಂದು ಉಡುಪಿಯ ಅಷ್ಟಮಠಗಳು ಸರದಿಯಲ್ಲಿ ಪೂಜಿಸುವ ಕೃಷ್ಣ ಸಮುದ್ರಮಾರ್ಗವಾಗಿ ಬಂದ ದೇವರು.

ಮಲ್ಪೆಯ ಮೀನುಗಾರರು ಕಡಲಿಗಿಳಿಯುವಾಗ ನೆನೆಯುವ ಇನ್ನೊಂದು ಹೆಸರು ಬೊಬ್ಬರ್ಯ. ಮೊಗವೀರರ ಪಟ್ಣಗಳಲ್ಲೆಲ್ಲ ಅವನ ಗುಡಿಯಿದೆ. ತುಳು ಪಾಡ್ದನಗಳ ಒಂದು ಪಾಠದಲ್ಲಿ ಅವನ ತಂದೆ ಮುಸ್ಲಿಂ ಕಡಲವ್ಯಾಪಾರಿ, ತಾಯಿ ಜೈನ ಮನೆಯಲ್ಲಿ ಹುಟ್ಟಿದವಳು. ಸಮುದ್ರದಲ್ಲೇ ಮಡಿದು ದೈವವಾದ ಅವನು ಬಲೆಯನ್ನೂ ದೋಣಿಯನ್ನೂ ಕಾಯುತ್ತಾನೆ. ನೇಮದ ರಾತ್ರಿ ಅವನ ಎದುರು ಕೈಮುಗಿದು ನಿಂತ ಮೀನುಗಾರ ಕೇಳುವುದು ಒಂದನ್ನೇ, ಕಡಲಿಗೆ ಹೋದವರು ಮನೆಗೆ ಬರಲಿ.

> ಹೊರಟುಹೋದ ನೆಲ
>
> ಮಲ್ಪೆಯಿಂದ ದೋಣಿಯಲ್ಲಿ ಹೋಗಬಹುದಾದ ಸೇಂಟ್ ಮೇರೀಸ್ ದ್ವೀಪಕ್ಕೆ ಊರವರು ಕರೆಯುವ ಹೆಸರು ತೋನ್ಸೆ ಪಾರ್. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿ ಇಳಿದು ಮೇರಿ ಮಾತೆಯ ಹೆಸರಿಟ್ಟನೆಂಬುದು ಪ್ರತೀತಿ.
>
> ದ್ವೀಪದ ಕಂಬದಂಥ ಕಲ್ಲುಗಳು ಅದಕ್ಕಿಂತ ಬಹಳ ಹಳೆಯ ಕಥೆ ಹೇಳುತ್ತವೆ. ಸುಮಾರು 8.8 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ಭಾರತದಿಂದ ಬೇರ್ಪಡುವ ಕಾಲಕ್ಕೆ ಉಕ್ಕಿದ ಲಾವಾ ತಣಿದು, ಬಿರಿದು ಈ ಬಹುಭುಜ ಕಂಬಗಳಾದವು. ಇದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ.

ಹಡಗು ಕೇಳಿದ ಬಲಿ

ಬ್ರಹ್ಮಾವರದಲ್ಲಿ ಬಲಕ್ಕೆ ಹೊರಳಿದರೆ ಬಾರ್ಕೂರು. ಒಂದು ಕಾಲಕ್ಕೆ ಆಳುಪರ ರಾಜಧಾನಿ. ಇಂದು ತೆಂಗಿನ ತೋಟಗಳ ನಡುವೆ ದೇವಾಲಯಗಳು, ಬಸದಿಗಳು, ಶಾಸನಗಳು ಚದುರಿರುವ ಶಾಂತ ಊರು.

ಇಲ್ಲಿನ ವರ್ತಕ ದೇವಪಾಂಡ್ಯ ಹೊಸ ಹಡಗು ಕಟ್ಟಿಸಿದ. ನೀರಿಗಿಳಿಸುವ ಹೊತ್ತಿಗೆ ಕುಂಡೋದರ ಎಂಬ ಭೂತ ಅಡ್ಡ ನಿಂತು ನರಬಲಿ ಕೇಳಿತು. ದೇವಪಾಂಡ್ಯನ ಹೆಂಡತಿ ತನ್ನ ಮಕ್ಕಳಲ್ಲಿ ಯಾರನ್ನೂ ಕೊಡಲೊಪ್ಪಲಿಲ್ಲ. ತಂಗಿ ಸತ್ಯವತಿ ತನ್ನ ಮಗ ಜಯಪಾಂಡ್ಯನನ್ನು ಕಳಿಸಿದಳು. ಹುಡುಗನ ಲಕ್ಷಣ ಕಂಡು ಕುಂಡೋದರ ಕರಗಿದ. ಬಲಿ ಬಿಟ್ಟು ಬದುಕು ಕೊಟ್ಟ, ರಾಜ್ಯವನ್ನೂ ಕೊಟ್ಟ. ಭೂತಾಳ ಪಾಂಡ್ಯನಾದ ಆ ಹುಡುಗ ಆಸ್ತಿ ಮಕ್ಕಳಿಗಲ್ಲ, ಸೋದರಿಯ ಮಕ್ಕಳಿಗೆ ಸಲ್ಲಬೇಕೆಂದು ಕಟ್ಟು ಮಾಡಿದ ಎನ್ನುತ್ತದೆ ಐತಿಹ್ಯ.

ತುಳುನಾಡಿನ ಅಳಿಯಸಂತಾನಕ್ಕೆ ಜನ ಹೇಳುವ ಹುಟ್ಟುಕಥೆ ಇದು. ಹಡಗು ನೀರಿಗಿಳಿಯಲು ಬೆಲೆ ತೆತ್ತವಳು ತಂಗಿ. ಅವಳ ಋಣವನ್ನು ಊರು ಆಸ್ತಿಯ ಕಟ್ಟಳೆಯಾಗಿ ಬರೆದಿಟ್ಟಿತು.

ಕುಂದಾಪುರ ದಾಟಿ ಮರವಂತೆಗೆ ಬಂದರೆ ಎಡಗಡೆ ಅರಬ್ಬೀ ಸಮುದ್ರ, ಬಲಗಡೆ ಸೌಪರ್ಣಿಕಾ, ನಡುವೆ ಹೆದ್ದಾರಿ. ಗರುಡ ತನ್ನ ತಾಯಿಯ ದುಃಖ ನೀಗಲೆಂದು ತಪಸ್ಸು ಮಾಡಿದ ನದಿ ಇದೆಂದು ನಂಬಿಕೆ. ಕೊಲ್ಲೂರಿನ ಕಾಡಿನಿಂದ ಇಲ್ಲಿಯವರೆಗೆ ಬಂದು, ಕಡಲು ಕೈಗೆಟುಕುವಷ್ಟು ಹತ್ತಿರವಿದ್ದಾಗ ಸೌಪರ್ಣಿಕಾ ತೆಂಕಣಕ್ಕೆ ತಿರುಗುತ್ತಾಳೆ. ಗಂಗೊಳ್ಳಿಯಲ್ಲಿ ಇತರ ನದಿಗಳ ಜತೆಗೂಡಿದ ಮೇಲೆಯೇ ಸಮುದ್ರ ಸೇರುವುದು. ಕರ್ಕಾಟಕ ಅಮಾವಾಸ್ಯೆಯಂದು ಮಹಾರಾಜಸ್ವಾಮಿ ವರಾಹ ದೇವಸ್ಥಾನದ ಜಾತ್ರೆಗೆ ಬಂದವರು ನದಿಯಲ್ಲೂ ಕಡಲಲ್ಲೂ ಮೀಯುತ್ತಾರೆ. ಮಳೆಗಾಲದ ನಡುವಿನ ಆ ಜಾತ್ರೆಯಲ್ಲಿ ಮೀನುಗಾರರ ಹರಕೆಗಳೇ ಹೆಚ್ಚು.

ಕಿತ್ತರೂ ಬಾರದ ಲಿಂಗ

ಭಟ್ಕಳ ದಾಟಿದಲ್ಲಿಂದ ದಾರಿ ರಾವಣನ ಕೋಪದ ಜಾಡು ಹಿಡಿಯುತ್ತದೆ.

ಗೋಕರ್ಣದಲ್ಲಿ ವಟುವಾಗಿ ಬಂದ ಗಣಪತಿ ಕೆಳಗಿಟ್ಟ ಲಿಂಗ ನೆಲ ಕಚ್ಚಿತು. ಓಡಿ ಬಂದ ರಾವಣ ಹುಡುಗನ ತಲೆಗೆ ಗುದ್ದಿದ. ಇಪ್ಪತ್ತು ತೋಳುಗಳಿಂದ ಎಳೆದ. ಲಿಂಗ ಹಸುವಿನ ಕಿವಿಯಂತೆ ತಿರುಚಿಕೊಂಡಿತೇ ಹೊರತು ಮೇಲೇಳಲಿಲ್ಲ. ರೋಷದಲ್ಲಿ ಅದರ ಪೆಟ್ಟಿಗೆ, ಮುಚ್ಚಳ, ದಾರ, ಬಟ್ಟೆಗಳನ್ನು ದಿಕ್ಕು ದಿಕ್ಕಿಗೆ ಎಸೆದ. ಬಿದ್ದಲ್ಲೆಲ್ಲ ಒಂದೊಂದು ಕ್ಷೇತ್ರವಾಯಿತು.

ಬಟ್ಟೆ ಬಿದ್ದ ಕಂದುಕಗಿರಿಯೇ ಮುರುಡೇಶ್ವರ. ಮೂರು ಕಡೆ ಕಡಲಿರುವ ಗುಡ್ಡದ ಮೇಲೆ ಈಗ 123 ಅಡಿಯ ಶಿವನ ಪ್ರತಿಮೆ, ಎದುರಿಗೆ 20 ಅಂತಸ್ತಿನ ಗೋಪುರ. ಪ್ರತಿಮೆಯ ಕೆಳಗಿನ ಗುಹೆಯಲ್ಲಿ ಆತ್ಮಲಿಂಗದ ಕಥೆಯನ್ನು ಮೂರ್ತಿಗಳಲ್ಲಿ ಬಿಡಿಸಿಟ್ಟಿದ್ದಾರೆ.

ಮುಚ್ಚಳ ಬಿದ್ದ ಗುಣವಂತೆ ಹೊನ್ನಾವರ ತಾಲ್ಲೂಕಿನಲ್ಲಿದೆ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮೇಳದ ನೆಲೆಯೂ ಈ ಊರೇ. ಪುರಾಣದ ಒಂದು ಚೂರು ಬಿದ್ದ ಜಾಗದಲ್ಲಿ, ಪುರಾಣವನ್ನು ತಲೆಮಾರುಗಳಿಂದ ರಂಗಕ್ಕೆ ತರುತ್ತಿರುವ ಮನೆತನ ಬೆಳೆದಿದೆ. ಶರಾವತಿಯ ಸೇತುವೆ ದಾಟಿ ಮುಂದೆ ಹೋದರೆ ದಾರ ಬಿದ್ದ ಧಾರೇಶ್ವರ.

ಗೋಕರ್ಣದಲ್ಲಿ ಕಡಲಿನಲ್ಲಿ ಮಿಂದು, ಮೊದಲು ಮಹಾಗಣಪತಿಗೆ ಕೈಮುಗಿದು, ಆಮೇಲೆ ಮಹಾಬಲೇಶ್ವರನ ದರ್ಶನ ಮಾಡುವುದು ರೂಢಿ. ಎರಡು ಕೈಗಳ, ನಿಂತ ಭಂಗಿಯ ಗಣಪನ ತಲೆಯ ಮೇಲಿನ ಗುಳಿಯನ್ನು ರಾವಣನ ಗುದ್ದಿನ ಗುರುತೆಂದು ಅರ್ಚಕರು ತೋರಿಸುತ್ತಾರೆ. ಮಹಾಬಲೇಶ್ವರನ ಲಿಂಗ ಕಣ್ಣಿಗೆ ಬೀಳುವಷ್ಟು ಮೇಲಿಲ್ಲ, ಬೆರಳಿಗೆ ತಾಗುವಷ್ಟು ಆಳದಲ್ಲಿದೆ.

ಕೈಲಾಸದಿಂದ ಹೊರಟು ಲಂಕೆಗೆ ಹೋಗಬೇಕಿದ್ದ ದೇವರು ನಡುದಾರಿಯಲ್ಲಿ ನಿಂತ. ಅವನನ್ನು ಉಳಿಸಿಕೊಂಡದ್ದು ಸೇನೆಯಲ್ಲ, ದನ ಕಾಯುವ ಹುಡುಗ.

> ಐದು ಕ್ಷೇತ್ರ, ಒಂದು ಕಥೆ
>
> ಗೋಕರ್ಣ: ಆತ್ಮಲಿಂಗ
> ಮುರುಡೇಶ್ವರ (ಭಟ್ಕಳ ತಾಲ್ಲೂಕು): ಲಿಂಗಕ್ಕೆ ಹೊದೆಸಿದ್ದ ಬಟ್ಟೆ
> ಗುಣವಂತೆ (ಹೊನ್ನಾವರ): ಮುಚ್ಚಳ
> ಧಾರೇಶ್ವರ (ಕುಮಟಾ): ಸುತ್ತಿದ್ದ ದಾರ
> ಸಜ್ಜೇಶ್ವರ (ಕಾರವಾರ): ಪೆಟ್ಟಿಗೆ

ಗಂಗಾವಳಿಯ ತಿರುವು

ಗೋಕರ್ಣದಿಂದ ಹೆದ್ದಾರಿಗೆ ಮರಳಿ ಅಂಕೋಲಾ ಕಡೆ ಹೊರಟರೆ ಗಂಗಾವಳಿಯ ಬದಿಯಲ್ಲಿ ಶಿರೂರು. ಇಲ್ಲಿ ಕಾರು ತಾನಾಗಿ ನಿಧಾನವಾಗುತ್ತದೆ. 2024ರ ಜುಲೈ 16ರ ಬೆಳಿಗ್ಗೆ ಗುಡ್ಡ ಕುಸಿದು ರಸ್ತೆ ಬದಿಯ ಚಹಾದಂಗಡಿ, ನಿಂತಿದ್ದ ವಾಹನಗಳು, ಜೀವಗಳು ನದಿಗೆ ಹೋದವು.

ಕೇರಳದ ಲಾರಿ ಚಾಲಕನೊಬ್ಬನಿಗಾಗಿ ಎರಡು ತಿಂಗಳಿಗೂ ಹೆಚ್ಚು ಕಾಲ ಹುಡುಕಾಟ ನಡೆಯಿತು. ಮಲ್ಪೆಯಿಂದ ಮುಳುಗು ಪರಿಣತರು ಬಂದು ಕೆಸರು ತುಂಬಿದ ಗಂಗಾವಳಿಗೆ ಇಳಿದರು. ಸೆಪ್ಟೆಂಬರ್ ಕೊನೆಗೆ ನದಿಯ ತಳದಿಂದ ಲಾರಿ ಮೇಲೆ ಬಂತು. ಗುರುತು ಪರಿಚಯವಿಲ್ಲದ ಊರಿನ ಹುಡುಗನೊಬ್ಬನಿಗಾಗಿ ಕರಾವಳಿಯ ಮನೆಮನೆಯೂ ದಿನವೂ ಸುದ್ದಿ ಕೇಳುತ್ತಿತ್ತು.

ಹೆದ್ದಾರಿ ಅಗಲವಾಗಬೇಕು ನಿಜ. ಆದರೆ ಘಟ್ಟದ ಬುಡವನ್ನು ನೇರವಾಗಿ ಕಡಿದ ಜಾಗಗಳಲ್ಲಿ ಮಳೆಗಾಲ ಪ್ರತಿ ವರ್ಷ ಲೆಕ್ಕ ಕೇಳುತ್ತದೆ. ಈ ದಂಡೆಯ ಹಳೆಯ ಕಥೆಗಳಲ್ಲಿ ಕಲ್ಲಿಗೆ ತಾಗಿದರೆ ರಕ್ತ ಬರುತ್ತಿತ್ತು. ಆ ನೋವು ತಿಳಿಯುವ ಮನಸ್ಸು ರಸ್ತೆ ಕಟ್ಟುವವರಿಗೂ ಬೇಕು.

ಕಾಳಿಯ ದಡದಲ್ಲಿ

ಕಾರವಾರಕ್ಕೆ ಬಂದು ಮನಸೋತವರಲ್ಲಿ ರವೀಂದ್ರನಾಥ ಟ್ಯಾಗೋರರೂ ಒಬ್ಬರು. ಇಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಯಲ್ಲಿ 1880ರ ದಶಕದ ಆರಂಭದಲ್ಲಿ ತಂಗಿದ್ದ ತರುಣ ಕವಿ, ‘ಪ್ರಕೃತಿರ್ ಪ್ರತಿಶೋಧ’ ನಾಟಕವನ್ನು ಬರೆದದ್ದು ಇಲ್ಲೇ. ಊರು ತನ್ನ ಕಡಲತೀರಕ್ಕೆ ಅವರ ಹೆಸರಿಟ್ಟುಕೊಂಡಿದೆ.

ಪೆಟ್ಟಿಗೆ ಬಿದ್ದ ಸಜ್ಜೇಶ್ವರ ಇಲ್ಲಿಗೆ ಹತ್ತಿರ. ಕಾಳಿ ನದಿಯಾಚೆ ಸದಾಶಿವಗಡ, ಮುಂದೆ ಮಾಜಾಳಿ, ಆಮೇಲೆ ಗೋವಾ. ಕರ್ನಾಟಕದ ಕರಾವಳಿ ದಾರಿ ಇಲ್ಲಿಗೆ ಮುಗಿಯುತ್ತದೆ.

> ಹೊರಡುವ ಮುನ್ನ
>
> ನವೆಂಬರ್‌ನಿಂದ ಫೆಬ್ರುವರಿವರೆಗೆ ಒಳ್ಳೆಯ ಕಾಲ. ಮಳೆಗಾಲದಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ ದೋಣಿ ಇರುವುದಿಲ್ಲ. ಜೂನ್, ಜುಲೈ ಯಾಂತ್ರಿಕ ಮೀನುಗಾರಿಕೆಗೆ ರಜೆ, ಬಂದರುಗಳು ಖಾಲಿ.
>
> ಕೋಲ, ನೇಮ ನೋಡಲು ಸಿಕ್ಕರೆ ಮನೆಯವರನ್ನು ಕೇಳದೆ ಫೋಟೊ ತೆಗೆಯಬೇಡಿ. ಅದು ಪ್ರದರ್ಶನವಲ್ಲ, ಆರಾಧನೆ.
>
> ಬಾರ್ಕೂರು, ಉಳ್ಳಾಲ, ಗೋಕರ್ಣ ಮೂರೂ ಹೆದ್ದಾರಿಯಿಂದ ಒಳಗಿವೆ. ಅವಕ್ಕೆಂದೇ ಹೊತ್ತು ಇಟ್ಟುಕೊಳ್ಳಿ.

ಮೇಲ್ಸೇತುವೆಗಳ ಮೇಲೆ ಹಾರಿಹೋದರೆ ಈ ದಾರಿ ಒಂದು ದಿನದ ಡ್ರೈವ್. ಕಾರಿನ ಗಾಜು ಇಳಿಸಿ, ಅಳಿವೆಗಳ ಕಡೆ ತಿರುಗಿ, ಅಂಗಡಿಯ ಬೆಂಚಿನ ಮೇಲೆ ಕುಳಿತು ಕೇಳಿದರೆ ಅದು ಬೇರೆಯೇ ಪಯಣ. ಕೇಳಿದ್ದನ್ನು ಮಕ್ಕಳಿಗೆ ಹೇಳುವಾಗ ಹೆಸರುಗಳನ್ನು ಮಾತ್ರ ಬಿಡಬೇಡಿ. ಬಪ್ಪನಾಡಿನ ಕಥೆಯಲ್ಲಿ ಬ್ಯಾರಿ ಇರಲಿ, ಸಾವಂತನೂ ಇರಲಿ. ಕೃಷ್ಣನ ಕಥೆಯಲ್ಲಿ ಹೆಸರಿಲ್ಲದ ಆ ನಾವಿಕನಿರಲಿ. ಬಾರ್ಕೂರಿನ ಕಥೆಯಲ್ಲಿ ಸತ್ಯವತಿ ಇರಲಿ.

ಈ ಊರು ಯಾರದ್ದು ಎಂಬ ಪ್ರಶ್ನೆ ಇಂದು ಎಲ್ಲ ಕಡೆ ಜೋರು ದನಿಯಲ್ಲಿ ಕೇಳುತ್ತಿದೆ. ಕರಾವಳಿಯ ಐತಿಹ್ಯಗಳು ಅದಕ್ಕೆ ಎಂದೋ ಉತ್ತರ ಕೊಟ್ಟಿವೆ. ಬಂದು, ನಿಂತು, ಇಲ್ಲಿನ ನೆಲಕ್ಕೆ ಒಂದು ಕಲ್ಲನ್ನಾದರೂ ಹೊತ್ತವರದ್ದು ಈ ಊರು. ಆ ಉತ್ತರವನ್ನು ಕಿತ್ತೆಸೆಯಲು ಹೊರಟವರು ಗೋಕರ್ಣದಲ್ಲಿ ಕೈಸೋತವನ ಬಲವೆಷ್ಟಿತ್ತೆಂದು ಒಮ್ಮೆ ನೆನೆಯಬೇಕು.